ಕೊರಳಿಗೆ ಬೇಕಾದ ಮರ, ತಿರುಳಿಗೆ ಹೋದ ನೆಲ

ಗಿಟಾರ್ ಎಂಬ ವಾದ್ಯ ಇಂದು ಮಹಾನಗರಗಳ ಸೊತ್ತಾಗಿ ಉಳಿದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಊರುಗಳಲ್ಲಿಯೂ ಭಾವಗೀತೆಯ ತಂಡಗಳಲ್ಲಿ, ಕಾಲೇಜು ಹುಡುಗರ ಕೂಟಗಳಲ್ಲಿ ಅದು ಹಾರ್ಮೋನಿಯಂ ಮತ್ತು ತಬಲಾಗಳ ಪಕ್ಕದಲ್ಲಿ ಸಹಜವಾಗಿ ಜಾಗ ಪಡೆಯುತ್ತಿದೆ. ಈ ಮೂರು ಊರುಗಳ ಪೈಕಿ ಯಾವುದೋ ಒಂದರ ವಿದ್ಯಾರ್ಥಿಯೊಬ್ಬ ಕಾರ್ಖಾನೆಯ ವಾದ್ಯವನ್ನು ಕೊಳ್ಳುವ ಬದಲು, ತನ್ನ ಜಿಲ್ಲೆಯಲ್ಲೇ ಬೆಳೆದ ಮರದಿಂದ ಗಿಟಾರಿನ ಕೊರಳನ್ನು ಕೈಯಾರೆ ಕೆತ್ತಬೇಕೆಂದು ಹೊರಟರೆ ಅವನಿಗೆ ಏನು ಸಿಕ್ಕೀತು? ಸುತ್ತಲೂ ಹೇರಳವಾಗಿ ಕಾಣುವುದು ನೀಲಗಿರಿ. ಆ ಕೆಲಸಕ್ಕೆ ಒದಗದ ಮರವೂ ಅದೇ.

ಇದನ್ನು ಒಬ್ಬ ಹವ್ಯಾಸಿಯ ಅಡಚಣೆ ಎಂದು ತಳ್ಳಿಹಾಕುವಂತಿಲ್ಲ. ಒಂದು ಸೀಮೆಯ ನೆಲದಲ್ಲಿ ಯಾವ ಮರ ನಿಲ್ಲಬೇಕು, ಎಷ್ಟು ವರ್ಷ ನಿಲ್ಲಬೇಕು, ಯಾರ ಉಪಯೋಗಕ್ಕೆ ನಿಲ್ಲಬೇಕು ಎಂಬ ಪ್ರಶ್ನೆಗಳನ್ನು ಅಳೆಯಲು ವಾದ್ಯದ ಕೊರಳು ಒಂದು ಒಳ್ಳೆಯ ಅಳತೆಗೋಲು. ಅದಕ್ಕೆ ಬೇಕಾದ ಮರದ ಪ್ರಮಾಣ ಅತ್ಯಲ್ಪ. ಗುಣ ಮಾತ್ರ ಅತ್ಯುಚ್ಚ.

ಎಪ್ಪತ್ತು ಕಿಲೋ ಎಳೆತ

ಗಿಟಾರಿನ ಒಡಲು ನಾದವನ್ನು ಹಿಗ್ಗಿಸುತ್ತದೆ. ಕೊರಳು ಶ್ರುತಿಯನ್ನು ಕಾಯುತ್ತದೆ. ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವೆಲ್ಲ ಒಟ್ಟಾಗಿ ಕೊರಳನ್ನು ಎಳೆಯುವ ಬಲ ಸುಮಾರು 70 ಕಿಲೋ ತೂಕಕ್ಕೆ ಸಮನಾಗುತ್ತದೆ. ನೈಲಾನ್ ತಂತಿಯ ಗಿಟಾರಿನಲ್ಲಿ ಅದು ಸುಮಾರು 40 ಕಿಲೋ. ಹಗಲಿರುಳು ಒಬ್ಬ ವಯಸ್ಕ ಮನುಷ್ಯ ಜೋತುಬಿದ್ದಂತಿರುವ ಈ ಎಳೆತವನ್ನು ಹೊರಬೇಕಾದ ಕೊರಳಿನ ದಪ್ಪ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಗಲ ತಲೆಯ ಕಡೆ ನಾಲ್ಕರಿಂದ ಐದು ಸೆಂಟಿಮೀಟರ್. ಇನ್ನೂ ದಪ್ಪ ಮಾಡಿದರೆ ನುಡಿಸುವವರ ಹೆಬ್ಬೆರಳು ಹಿಂದಿನಿಂದ ಬಳಸಿ ಬರುವುದಿಲ್ಲ. ಇನ್ನೂ ತೆಳುಮಾಡಿದರೆ ಕೊರಳು ಬಿಲ್ಲಿನಂತೆ ಬಾಗುತ್ತದೆ.

ಬಾಗಿದರೆ ಆಗುವ ನಷ್ಟವೇನೆಂಬುದನ್ನು ವೀಣೆಯನ್ನು ಬಲ್ಲವರು ಬೇಗ ಗ್ರಹಿಸುತ್ತಾರೆ. ವೀಣೆಯ ದಂಡಿಯ ಮೇಲೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಲಾಗುತ್ತದೆ. ದಂಡಿ ಸ್ವಲ್ಪ ಅಲುಗಾಡಿದರೂ ಮೇಣವನ್ನು ಕಾಯಿಸಿ, ಹೊಸದಾಗಿ ಮೇಳ ಕಟ್ಟಿ ದೋಷವನ್ನು ಸರಿಪಡಿಸಬಹುದು. ಗಿಟಾರಿನಲ್ಲಿ ಆ ಅವಕಾಶವಿಲ್ಲ. ಅಲ್ಲಿ ಲೋಹದ ಮೆಟ್ಟಿಲುಗಳನ್ನು ಬೆರಳು ಹಲಗೆಯಲ್ಲಿ ಗರಗಸದಿಂದ ಸೀಳಿದ ಗೀರುಗಳಿಗೆ ಒತ್ತಿ ಕೂರಿಸುತ್ತಾರೆ. ತಂತಿಯ ಉದ್ದ 650 ಮಿಲಿಮೀಟರ್ ಇದ್ದರೆ ಅದನ್ನು 17.817ರಿಂದ ಭಾಗಿಸಿದಾಗ ಮೊದಲ ಮೆಟ್ಟಿಲಿನ ದೂರ ಸಿಗುತ್ತದೆ. ಅದು ಸುಮಾರು 36.5 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, ಅಂದರೆ 325 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಒಮ್ಮೆ ಗೀರು ಬಿದ್ದಿತೆಂದರೆ ಅದೇ ಕೊನೆ. ಆ ಬಳಿಕ ಮರ ನಡೆದುಕೊಂಡಂತೆ ವಾದ್ಯ.

ಕೊರಳನ್ನು ಕೆತ್ತುವ ಕ್ರಮವನ್ನು ನೇಗಿಲು, ಗಾಡಿ ಮಾಡುತ್ತಿದ್ದ ಹಳ್ಳಿಯ ಬಡಗಿಗಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಾರು ನೇರವಾಗಿರುವ, ಮರದ ನಡುವಿನಿಂದ ತೊಗಟೆಯತ್ತ ಸೀಳಿದ ಹಲಗೆಯನ್ನು ಆರಿಸಬೇಕು. ತಲೆಯ ಭಾಗ ಸುಮಾರು 15 ಡಿಗ್ರಿ ಹಿಂದಕ್ಕೆ ಓರೆಯಾಗಬೇಕು. ಅದನ್ನು ಒಂದೇ ಹಲಗೆಯಲ್ಲಿ ಕತ್ತರಿಸಿದರೆ ನಾರು ಅಡ್ಡ ತುಂಡಾಗಿ, ವಾದ್ಯ ಕೆಳಗೆ ಬಿದ್ದಾಗ ತಲೆ ಮುರಿಯುತ್ತದೆ. ಆದಕಾರಣ ಹಲಗೆಯ ತುದಿಯನ್ನು ಓರೆಯಾಗಿ ಕೊಯ್ದು, ಕೊಯ್ದ ತುಂಡನ್ನು ತಿರುಗಿಸಿ ಅಂಟಿಸುವುದು ಹಳೆಯ ಪದ್ಧತಿ. ಹಿಂಬದಿಯ ದುಂಡನೆಯ ಆಕಾರವನ್ನು ಒಮ್ಮೆಲೇ ತರುವುದಿಲ್ಲ. ಮೊದಲು ತಲೆಯ ಬಳಿ ಒಂದು, ಒಡಲಿನ ಬಳಿ ಇನ್ನೊಂದು, ಹೀಗೆ ಎರಡು ಕಡೆ ಮಾತ್ರ ಅಚ್ಚು ಹಿಡಿದು ನೋಡಿ ಅಳತೆಗೆ ತಂದುಕೊಳ್ಳುತ್ತಾರೆ. ನಡುವಿನ ಭಾಗವನ್ನು ಪಟ್ಟೆ ಪಟ್ಟೆಯಾಗಿ ಕೀಸಿ, ಪಟ್ಟೆಗಳ ಅಂಚನ್ನು ಅರದಿಂದ ಮುರಿದು, ಕೊನೆಗೆ ತಗಡಿನಿಂದ ಹೆರೆದು ನುಣುಪು ಮಾಡುತ್ತಾರೆ. ಕೊನೆಯ ಪರೀಕ್ಷೆ ಅಂಗೈಯದೇ. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಸಿಗುತ್ತದೆ.

ಕೂಡಿಸುವ ಕೆಲಸ ಇದಕ್ಕಿಂತ ಕಠಿಣವಾದುದು. ಕೊರಳಿನ ಬುಡವನ್ನು ಪಾರಿವಾಳದ ಬಾಲದ ಆಕಾರದಲ್ಲಿ ಕತ್ತರಿಸಿ, ಒಡಲಿನಲ್ಲಿ ಅದಕ್ಕೆ ತಕ್ಕ ಹೆಣ್ಣು ಕಚ್ಚನ್ನು ಕೊರೆಯುವುದು ಒಂದು ಕ್ರಮ. ಸ್ಪೇನಿನ ಪದ್ಧತಿಯಲ್ಲಿ ಕೊರಳಿನ ಬುಡದಲ್ಲಿಯೇ ಇಕ್ಕೆಲಗಳಿಗೆ ಗೀರು ಹಾಕಿ, ಒಡಲಿನ ಪಕ್ಕಗಳನ್ನು ಅದರೊಳಗೆ ತೂರಿಸಿ, ಕೊರಳಿನ ಸುತ್ತಲೇ ಒಡಲನ್ನು ಕಟ್ಟುತ್ತಾರೆ. ಯಾವ ಕ್ರಮವಾದರೂ ಎರಡು ಪರೀಕ್ಷೆಗಳು ತಪ್ಪುವುದಿಲ್ಲ. ತಲೆಯ ನಡುವಿನಿಂದ ಕುದುರೆಯ ನಡುವಿಗೆ ದಾರವನ್ನು ಎಳೆದು ಹಿಡಿದರೆ ಅದು ಕೊರಳಿನ ನಡುಗೆರೆಯ ಮೇಲೆಯೇ ಸಾಗಬೇಕು. ಬೆರಳು ಹಲಗೆಯ ಮೇಲೆ ನೇರವಾದ ಪಟ್ಟಿಯನ್ನಿಟ್ಟರೆ ಅದು ಕುದುರೆಯ ನೆತ್ತಿಯನ್ನು ಮುಟ್ಟಬೇಕು. ಕೊರಳು ಒಂದೇ ಒಂದು ಡಿಗ್ರಿ ವಾಲಿದರೂ ಕುದುರೆಯ ಬಳಿ ಐದಾರು ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ತಂತಿ ಬೆರಳಿಗೆ ನಿಲುಕದಷ್ಟು ಮೇಲೇಳುತ್ತದೆ ಅಥವಾ ಮೆಟ್ಟಿಲಿಗೆ ತಾಗಿ ಕಿರುಗುಟ್ಟುತ್ತದೆ. ಹೀಗಾಗಿ ಕಚ್ಚಿಗೆ ಸುಣ್ಣದ ಪುಡಿ ಸವರಿ, ಹಾಕಿ ತೆಗೆದು, ಪುಡಿ ಅಂಟಿದ ಜಾಗವನ್ನಷ್ಟೇ ಉಳಿಯಿಂದ ಹೆರೆಯುತ್ತ, ಅಂಟಿಲ್ಲದೆಯೇ ಬಿಗಿಯಾಗಿ ನಿಲ್ಲುವವರೆಗೆ ಕೂರಿಸಬೇಕು. ಚರ್ಮ, ಮೂಳೆಗಳನ್ನು ಕುದಿಸಿ ತೆಗೆದ ಮರವಜ್ರವನ್ನು ಇಂದಿಗೂ ಹಲವರು ಬಳಸಲು ಕಾರಣವಿದೆ: ಶಾಖ ಮತ್ತು ಹಬೆ ಕೊಟ್ಟರೆ ಅದು ಬಿಡುತ್ತದೆ, ಮುಂದಿನ ತಲೆಮಾರಿನವರು ಕೊರಳನ್ನು ಬಿಚ್ಚಿ ಸರಿಪಡಿಸಬಹುದು. ಕೆಟ್ಟರೆ ಬಿಸಾಡದೆ, ಬಿಚ್ಚಿ ಸರಿಪಡಿಸಲು ಎಡೆಯಿರುವಂತೆ ಮಾಡುವುದು ಆ ಕಸುಬಿನ ಶೀಲ.

ಮೆಣಸಿನಕಾಯಿ ಬಲ್ಲವರಿಗೆ ಮರವೂ ತಿಳಿದೀತು

ಇಷ್ಟೆಲ್ಲ ಶ್ರಮವೂ ಮರದಲ್ಲಿರುವ ನೀರಿನ ಮುಂದೆ ನಿಷ್ಫಲವಾಗಬಹುದು. ಹಸಿಮರದ ತೇವಾಂಶ ಶೇಕಡ 30ರ ಸುಮಾರಿಗೆ ಇಳಿಯುವವರೆಗೆ ಮರದ ಗಾತ್ರದಲ್ಲಿ ಬದಲಾವಣೆ ಇಲ್ಲ. ಅಲ್ಲಿಂದ ಕೆಳಗೆ ಅದು ಕುಗ್ಗತೊಡಗುತ್ತದೆ. ವಾರ್ಷಿಕ ಬಳೆಗಳ ಗುಂಟ ಆಗುವ ಕುಗ್ಗುವಿಕೆ ನಡುವಿನಿಂದ ತೊಗಟೆಯತ್ತ ಆಗುವ ಕುಗ್ಗುವಿಕೆಯ ಸುಮಾರು ಎರಡರಷ್ಟು. ಹಲಗೆಗಳು ಸೊಟ್ಟಗಾಗುವುದಕ್ಕೆ ಈ ಅಸಮತೆಯೇ ಮೂಲ. ವಾದ್ಯದ ಮರವನ್ನು ಶೇಕಡ 8ರಿಂದ 10ರ ತೇವಾಂಶಕ್ಕೆ ತಂದು, ಆಮೇಲೆಯೂ ಬಹುಕಾಲ ತಂಗಿಸಿ ಬಳಸಬೇಕೆನ್ನುವುದು ಇದೇ ಕಾರಣದಿಂದ.

ಬ್ಯಾಡಗಿಯ ರೈತರಿಗೆ ಈ ಲೆಕ್ಕ ಹೊಸದಲ್ಲ. ಕೆಂಪಾದ ಕಾಯಿಯನ್ನು ಕಣದಲ್ಲಿ ಹರಡಿ, ಹೊರಳಿಸಿ, ಶೇಕಡ 10ರ ಆಸುಪಾಸಿಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಅತಿಯಾಗಿ ಒಣಗಿಸಿದರೆ ತೊಟ್ಟು ಮುರಿದು, ಬಣ್ಣ ಕೆಟ್ಟು, ಬೆಲೆ ಬಿದ್ದುಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿಯಲ್ಲಿ ತಳಿಯ ಪಾಲು ಎಷ್ಟಿದೆಯೋ, ಬಯಲಿನ ಒಣಗಾಳಿಯ ಪಾಲೂ ಅಷ್ಟಿದೆ. ಅದೇ ಗಾಳಿ ಹಲಗೆಗೂ ಒಳ್ಳೆಯದು. ನೆರಳಿನಲ್ಲಿ, ಹಲಗೆ ಹಲಗೆಗಳ ನಡುವೆ ಕಡ್ಡಿಯಿಟ್ಟು ಪೇರಿಸಿ, ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಹಳೆಯ ಲೆಕ್ಕದಲ್ಲಿ ಕಾದರೆ ಮರ ಹದಕ್ಕೆ ಬರುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಮಲೆನಾಡಿನಲ್ಲಿ ಈ ಕೆಲಸ ಕಷ್ಟ. ಘಟ್ಟದ ತೇವದಲ್ಲಿ ಮಾಡಿದ ಕೊರಳನ್ನು ಬೇಸಗೆಯಲ್ಲಿ ರಾಣೆಬೆನ್ನೂರಿಗೆ ಒಯ್ದರೆ ಬೆರಳು ಹಲಗೆ ಕುಗ್ಗಿ ಮೆಟ್ಟಿಲುಗಳ ತುದಿ ಅಂಗೈಗೆ ಚುಚ್ಚುತ್ತವೆ.

ಹಾವೇರಿ ಜಿಲ್ಲೆಯ ವಿಶೇಷವೇ ಇದು. ಪಡುವಣದಲ್ಲಿ ಹಾನಗಲ್ಲಿನ ಅರೆಮಲೆನಾಡು ಶಿರಸಿ, ಮುಂಡಗೋಡಗಳ ಕಾಡಿನ ಅಂಚಿಗೆ ತಾಗಿದೆ. ಮೂಡಣದಲ್ಲಿ ರಾಣೆಬೆನ್ನೂರಿನ ಒಣಬಯಲು ತುಂಗಭದ್ರೆಗೆ ತಾಗಿದೆ. ಮರ ಬೆಳೆಯುವ ಹವೆಯೂ ಮರ ಒಣಗುವ ಹವೆಯೂ ಒಂದು ಹಗಲಿನ ಪ್ರಯಾಣದೊಳಗೆ ಇರುವ ಜಿಲ್ಲೆ ಇದು. ಹೀಗಿದ್ದರೂ ಇಲ್ಲಿನ ನೆಲಕ್ಕೆ ದೊರೆತ ಪಾಲು ಬೇರೆಯದಾಯಿತು.

ತಿರುಳಿನ ಲೆಕ್ಕ

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಜ್ಯದ ಬಯಲುಸೀಮೆಯೆಲ್ಲ ನೀಲಗಿರಿಯ ತೋಪಾಗತೊಡಗಿತು. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸಂಸ್ಥೆಗಳ ಜಂಟಿ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಹುಟ್ಟಿಕೊಂಡಿತು. ರೇಯಾನ್ ಎಳೆಗೆ ಬೇಕಾದ ಮರದ ತಿರುಳಿಗಾಗಿ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯನ್ನು ಆ ಕಂಪನಿಗೆ ಒದಗಿಸುವ ಯೋಜನೆ ಸಿದ್ಧವಾಯಿತು. ಕಾಗದದಲ್ಲಿ ಪಾಳು ಎಂದು ಬರೆಯಲಾದ ಆ ಭೂಮಿ ವಾಸ್ತವದಲ್ಲಿ ಹಳ್ಳಿಗಳ ದನಕರುಗಳ ಮೇವು, ಒಲೆಯ ಸೌದೆ, ನೇಗಿಲ ಮರ, ಬೇಲಿಯ ಮುಳ್ಳು ಎಲ್ಲವೂ ಆಗಿತ್ತು.

ಮುಂದಿನ ಕಥೆ ಈ ಸೀಮೆಯವರಿಗೆ ಗೊತ್ತಿರುವಂಥದು. ವಿದ್ಯಾರ್ಥಿಗಳಿಗೆ ಮತ್ತೆ ಹೇಳಬೇಕಾದುದು. ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಎಸ್. ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದ ಸಂಗಾತಿಗಳು ಜನರನ್ನು ಸಂಘಟಿಸಿದರು. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಹೋರಾಟದ ಹೆಸರಿನಲ್ಲಿ ಎರಡು ಕ್ರಿಯಾಪದಗಳಿವೆ ಎಂಬುದನ್ನು ಮರೆಯಬಾರದು. ಕೀಳುವುದರ ನೆನಪು ಉಳಿದಿದೆ. ಹಚ್ಚುವುದು ಏನನ್ನು, ಎಲ್ಲಿ, ಎಷ್ಟು ವರ್ಷಕ್ಕೆ ಎಂಬ ಚರ್ಚೆ ಅರ್ಧಕ್ಕೆ ನಿಂತಿದೆ.

ನೀಲಗಿರಿಯಿಂದ ಕೊರಳು ಏಕಾಗದು? ತಿರುಳಿಗಾಗಿ ಬೆಳೆಸುವ ನೀಲಗಿರಿಯನ್ನು ಏಳೆಂಟು ವರ್ಷಕ್ಕೆ ಕಡಿಯುತ್ತಾರೆ. ಆ ವಯಸ್ಸಿಗೆ ಅದರಲ್ಲಿ ಚೇಗು ಬಲಿತಿರುವುದಿಲ್ಲ. ವೇಗವಾಗಿ ಎದ್ದ ಕಾಂಡದ ಹೊರಭಾಗ ಎಳೆತದಲ್ಲಿ, ಒಳಭಾಗ ಒತ್ತಡದಲ್ಲಿ ಇರುತ್ತದೆ. ಗರಗಸ ತಾಗಿದೊಡನೆ ಆ ಬಿಗಿ ಸಡಿಲಿ ಹಲಗೆ ಬಿರಿಯುತ್ತದೆ, ಬಾಗುತ್ತದೆ. ನಾರು ಸುರುಳಿಯಾಗಿ ಸುತ್ತುವ ಗುಣವೂ ಇರುವುದರಿಂದ ಒಣಗುವಾಗ ಹಲಗೆ ತಿರುಚಿಕೊಳ್ಳುತ್ತದೆ. ಆದರೆ ಇದು ಮರದ ಜಾತಿಯ ಅಪರಾಧವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಆಸ್ಟ್ರೇಲಿಯಾದ ಕುಶಲಕರ್ಮಿಗಳು ಜರ್ರಾ ಎಂಬ ನೀಲಗಿರಿ ಜಾತಿಯ ಬಲಿತ ಮರವನ್ನು ಬೆರಳು ಹಲಗೆಗೆ ಬಳಸುವುದುಂಟು. ದೋಷವಿರುವುದು ಮರವನ್ನು ಟನ್ನಿನಲ್ಲಿ ಮಾತ್ರ ಅಳೆದ ಲೆಕ್ಕದಲ್ಲಿ. ಟನ್ನಿನ ಲೆಕ್ಕಕ್ಕೆ ನಾರು ನೇರವೋ ಸೊಟ್ಟವೋ, ಮರಕ್ಕೆ ಎಂಟು ವರ್ಷವೋ ಎಂಬತ್ತೋ, ಎಲ್ಲವೂ ಒಂದೇ. ತಿರುಳು ಮಾಡುವ ಹಂಡೆಯಲ್ಲಿ ಎಲ್ಲವೂ ಬೆಂದು ಒಂದಾಗುತ್ತವೆ.

ಕೊರಳಿನ ಲೆಕ್ಕ ಇದಕ್ಕೆ ವಿರುದ್ಧ. 76 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಹಲಗೆ ಒಂದು ಕೊರಳಿಗೆ ಸಾಕು. ಬುಡದ ಗಂಟಿಗೆ ಇನ್ನಷ್ಟು ತುಂಡು ಬೇಕು. ಹಗುರವಾದ ಮರದಲ್ಲಿ ಆ ಹಲಗೆಯ ತೂಕ ಒಂದು ಕಿಲೋಗಿಂತ ಕಡಿಮೆ. ಗರಗಸದ ಪುಡಿಗೆ, ಗಂಟಿಗೆ, ಬಿರುಕಿಗೆ ಅರ್ಧ ಹೋಯಿತೆಂದರೂ ಒಂದು ಘನಮೀಟರ್ ಒಳ್ಳೆಯ ಮರದಲ್ಲಿ ಮುನ್ನೂರರಷ್ಟು ಕೊರಳುಗಳಾಗುತ್ತವೆ. ಒಂದು ಲಾರಿ ಮರದಲ್ಲಿ ಎಷ್ಟು ತಿರುಳು ಎಂದು ಕೇಳುವವರು, ಅದೇ ಮರದಲ್ಲಿ ಎಷ್ಟು ಕೈಗಳಿಗೆ ಎಷ್ಟು ವರ್ಷದ ಕೆಲಸ ಎಂದೂ ಕೇಳಬೇಕಾಗಿದೆ.

ಬೇವಿನ ಬಳಗದ ಪಾಠ

ಸ್ಪೇನಿನ ಪದ್ಧತಿಯ ಗಿಟಾರುಗಳ ಕೊರಳಿಗೆ ರೂಢಿಯಲ್ಲಿರುವ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂದು ಹೆಸರು. ಅದು ಸ್ಪೇನಿನ ಮರವೂ ಅಲ್ಲ, ಸೀಡರೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದಲ್ಲಿ ಬೆಳೆಯುವ ಸೆಡ್ರೆಲಾ ಒಡೊರಾಟ ಎಂಬ ಆ ಮರ ಬೇವಿನ ಕುಟುಂಬಕ್ಕೆ ಸೇರಿದ್ದು. ಕೊರಳಿಗೆ ಬಳಸುವ ಇನ್ನೊಂದು ಹೆಸರಾಂತ ಮರವಾದ ಮಹಾಗನಿಯೂ ಅದೇ ಕುಟುಂಬದ್ದು. ಹಗುರ, ನೇರ ನಾರು, ಒಣಗಿದ ಮೇಲೆ ಅಲುಗಾಡದ ಸ್ವಭಾವ, ಉಳಿಗೆ ಸುಲಭವಾಗಿ ಒಗ್ಗುವ ಮೃದುತ್ವ ಇವುಗಳ ಗುಣ.

ಇದೇ ಬಳಗದ ಒಂದು ಮರ ಪಶ್ಚಿಮ ಘಟ್ಟದಲ್ಲಿದೆ. ಗಂಧಗರಿಗೆ ಎಂದು ಕೆಲವೆಡೆ ಕರೆಯುವ, ಹಿಂದಿಯಲ್ಲಿ ತೂನ್ ಎನ್ನುವ ಇದನ್ನು ಸಸ್ಯವಿಜ್ಞಾನಿಗಳು ಹಿಂದೆ ಸೆಡ್ರೆಲಾ ಕುಲದಲ್ಲಿಯೇ ಇರಿಸಿದ್ದರು. ಇಂದಿನ ಹೆಸರು ಟೂನಾ ಸಿಲಿಯಾಟ. ಹಳ್ಳದ ಬದಿಯಲ್ಲಿ, ತೇವದ ಕಾಡಿನಲ್ಲಿ, ಕಾಫಿ ತೋಟಗಳ ನೆರಳಿನ ಮರವಾಗಿ ಇದು ಬೆಳೆಯುತ್ತದೆ. ಸಿತಾರ್ ಮತ್ತು ತಂಬೂರಿಗಳ ದಂಡಿಗೆ ಈ ಮರವನ್ನೇ ಬಹುಕಾಲದಿಂದ ಬಳಸಲಾಗಿದೆ. ಎರಡು ಖಂಡಗಳ ಕುಶಲಕರ್ಮಿಗಳು ಪರಸ್ಪರ ಕೇಳದೆಯೇ ಒಂದೇ ಬಳಗದ ಮರವನ್ನು ವಾದ್ಯದ ಕೊರಳಿಗೆ ಆರಿಸಿಕೊಂಡರು.

ಆದರೆ ಈ ಮರಗಳನ್ನು ನೀಲಗಿರಿಯಂತೆ ಸಾಲುಗಟ್ಟಿ ನೆಟ್ಟವರಿಗೆ ಒಂದು ಹುಳು ಪಾಠ ಕಲಿಸಿದೆ. ಹಿಪ್ಸಿಪೈಲಾ ಎಂಬ ಪತಂಗದ ಮರಿಹುಳು ಎಳೆಯ ಗಿಡದ ತುದಿಚಿಗುರನ್ನು ಕೊರೆದು ತಿನ್ನುತ್ತದೆ. ತುದಿ ಸತ್ತ ಗಿಡ ಪಕ್ಕದಿಂದ ಎರಡು ಮೂರು ಕವಲೊಡೆಯುತ್ತದೆ. ನೇರವಾದ ಕಾಂಡದ ಆಸೆ ಅಲ್ಲಿಗೆ ಮುಗಿಯುತ್ತದೆ. ಸೆಡ್ರೆಲಾ, ಮಹಾಗನಿ, ತೂನ್ ಮೂರಕ್ಕೂ ಈ ಕಾಟವಿದೆ. ಬಿಸಿಲಿನಲ್ಲಿ ಒಂದೇ ಜಾತಿಯ ಗಿಡಗಳನ್ನು ಒತ್ತಾಗಿ ನೆಟ್ಟ ಕಡೆ ಹಾವಳಿ ಹೆಚ್ಚು. ಬೇರೆ ಮರಗಳ ನಡುವೆ, ಪಕ್ಕದ ನೆರಳಿನಲ್ಲಿ, ಚದುರಿದಂತೆ ಬೆಳೆದ ಕಡೆ ಕಡಿಮೆ. ಅಂದರೆ ಒಳ್ಳೆಯ ಕೊರಳಿನ ಮರ ಏಕಜಾತಿಯ ತೋಪಿನಲ್ಲಿ ಹುಟ್ಟುವುದೇ ದುಸ್ತರ. ಅದಕ್ಕೆ ಕಾಡು ಬೇಕು, ಅಥವಾ ಕಾಡಿನಂಥ ತೋಟ ಬೇಕು. ಪರಿಸರವಾದಿಗಳು ದಶಕಗಳಿಂದ ಹೇಳುತ್ತ ಬಂದುದನ್ನು ಒಂದು ಪತಂಗ ತನ್ನ ರೀತಿಯಲ್ಲಿ ಸಮರ್ಥಿಸಿದೆ.

ಬೀಟೆ ಎಂಬ ಎಚ್ಚರಿಕೆ

ಮಲೆನಾಡಿಗೂ ಗಿಟಾರಿಗೂ ಇರುವ ನೇರವಾದ ನಂಟು ಬೀಟೆಯದು. ಲೋಕದ ನಾನಾ ಕಡೆ ತಯಾರಾಗುವ ಗಿಟಾರುಗಳ ಬೆರಳು ಹಲಗೆ, ಕುದುರೆ, ಬೆನ್ನು ಮತ್ತು ಪಕ್ಕಗಳಿಗೆ ಭಾರತದ ಬೀಟೆ ಹೋಗುತ್ತದೆ. ಬ್ರೆಜಿಲಿನ ಬೀಟೆಯನ್ನು ಕಡಿದು ಮುಗಿಸಿದ ಮೇಲೆ, 1992ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರ ನಿಷೇಧಕ್ಕೊಳಗಾಯಿತು. ಬೇಡಿಕೆ ಭಾರತದ ಬೀಟೆಯತ್ತ ಇನ್ನಷ್ಟು ಹೊರಳಿತು. 2017ರಲ್ಲಿ ಬೀಟೆಯ ಕುಲಕ್ಕೇ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿರ್ಬಂಧ ಬಂದಿತು; 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಭಾರತದ ಬೀಟೆ ಅಪಾಯಕ್ಕೆ ಈಡಾಗಬಲ್ಲ ಮರಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ.

ಬೀಟೆಯ ಚೇಗು ಬಲಿಯಲು ಒಬ್ಬ ಮನುಷ್ಯನ ದುಡಿಮೆಯ ಇಡೀ ಆಯುಷ್ಯ ಬೇಕು. ಆದರೆ ಬೇರಿನಿಂದ ಮರಿಯೊಡೆಯುವ ಶಕ್ತಿ ಅದಕ್ಕಿದೆ. ದನ ಮತ್ತು ಬೆಂಕಿಯಿಂದ ಕಾದರೆ ಕಡಿದ ಬೊಡ್ಡೆಯ ಸುತ್ತಲೂ ಮತ್ತೆ ಏಳುತ್ತದೆ. ಕಾಯುವವರು ಯಾರು ಎಂಬುದೇ ಪ್ರಶ್ನೆ. ಹಿತ್ತಲಿನ ಮರ ಕಡಿಯಲು ಅನುಮತಿಗಾಗಿ ಅಲೆಯಬೇಕಾದ ರೈತ ಬೀಟೆಯ ಮರಿಯನ್ನು ಕಂಡೊಡನೆ, ಅದು ದೊಡ್ಡದಾಗುವ ಮೊದಲೇ ಕತ್ತಿಯಾಡಿಸುವುದುಂಟು. ಕಾನೂನು ಕಾಪಾಡಲು ಹೊರಟ ಮರ ಕಾನೂನಿನ ಹೆದರಿಕೆಯಿಂದಲೇ ಸಸಿಯಲ್ಲಿ ಸಾಯುವುದು ವಿಪರ್ಯಾಸ.

ತಂಬೂರಿಯ ನಾಡು

ವಾದ್ಯ ಮಾಡುವುದು ಹಾವೇರಿಗೆ ಹೊರಗಿನ ವಿಷಯ ಎನ್ನುವವರು ಈ ನೆಲದ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಚಿತ್ರಗಳಲ್ಲಿ ತಂಬೂರಿಯಿಲ್ಲದೆ ಕಾಣದ ಕನಕದಾಸರ ಬಾಡ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ; ಅವರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ತಂಬೂರಿಯನ್ನೇ ದೇಹದ ರೂಪಕವಾಗಿಸಿ ಹಾಡಿದ ಶಿಶುನಾಳ ಶರೀಫರು (1819–1889) ಇದೇ ಜಿಲ್ಲೆಯವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ನೂರಾರು ಅಂಧ ಮಕ್ಕಳ ಕೈಗೆ ವಾದ್ಯವನ್ನಿತ್ತ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದವರು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ.

ಹಾಡುವವರು ಇಷ್ಟಿದ್ದ ನಾಡಿಗೆ ಒಳ್ಳೆಯ ತಂಬೂರಿ ಎಲ್ಲಿಂದ ಬಂದಿತು? ಬಹುಮಟ್ಟಿಗೆ ಮೀರಜದಿಂದ. ಹತ್ತೊಂಬತ್ತನೆಯ ಶತಮಾನದ ನಡುವೆ ಕತ್ತಿಗೆ ಸಾಣೆ ಹಿಡಿಯುವ ಕಸುಬಿನ ಮನೆತನದವರು ಆಯುಧಗಳ ಬೇಡಿಕೆ ಕುಗ್ಗಿದ ಕಾಲದಲ್ಲಿ ಅಲ್ಲಿ ತಂತಿವಾದ್ಯಗಳತ್ತ ತಿರುಗಿದರು. ಪಂಢರಪುರದ ಸುತ್ತಿನ ಬಯಲಿನಲ್ಲಿ ಬೆಳೆದ ಬುರುಡೆ, ತೂನ್ ಮರದ ದಂಡಿ, ತಲೆಮಾರುಗಳ ಕೈಚಳಕ ಸೇರಿ ಮೀರಜದ ಸಿತಾರ್ ಮತ್ತು ತಂಬೂರಿಗಳು 2024ರಲ್ಲಿ ಭೌಗೋಳಿಕ ಗುರುತನ್ನೂ ಪಡೆದವು. ಆಯುಧ ಮಾಡುತ್ತಿದ್ದ ಕೈಗಳು ವಾದ್ಯಕ್ಕೆ ಹೊರಳಬಹುದಾದರೆ, ಟ್ರ್ಯಾಕ್ಟರ್ ಬಂದು ನೇಗಿಲು-ಗಾಡಿಗಳ ಕೆಲಸ ತಪ್ಪಿಹೋದ ಹಾವೇರಿಯ ಬಡಗಿ ಮನೆತನಗಳ ಕೈಗಳೂ ಹೊರಳಬಹುದು.

ಆಕ್ಷೇಪಗಳಿಗೆ ಉತ್ತರ

ಈ ಮಾತಿಗೆ ಮೂರು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದು, ವಾದ್ಯದ ನೆಪದಲ್ಲಿ ಕಾಡುಮರಕ್ಕೆ ಕೊಡಲಿ ಬೀಳುವುದಿಲ್ಲವೇ ಎಂಬುದು. ಬೀಳಬಾರದು, ಬೀಳುವ ಅಗತ್ಯವೂ ಇಲ್ಲ. ಹಳ್ಳಿಗಳಲ್ಲಿ ಹಳೆಯ ಮನೆಗಳನ್ನು ಕೆಡವಿದಾಗ ಹೊರಬರುವ ತೇಗ, ಹಲಸು, ಹೊನ್ನೆಯ ತೊಲೆಗಳು ಅರ್ಧ ಶತಮಾನಕ್ಕೂ ಮೀರಿ ನೆರಳಿನಲ್ಲಿ ಒಣಗಿದ ಮರಗಳು. ಅವುಗಳಲ್ಲಿ ಎಷ್ಟೋ ಸೌದೆಯ ಬೆಲೆಗೆ ಹೋಗುತ್ತವೆ. ಮೊಳೆ ತೆಗೆದು, ಹುಳು ಹಿಡಿದ ಭಾಗ ಕಳೆದು, ನಾರು ನೋಡಿ ಆರಿಸಿದರೆ ಕೊರಳಿಗೂ ಬೆರಳು ಹಲಗೆಗೂ ಅವುಗಳಲ್ಲಿ ಮರ ಸಿಗುತ್ತದೆ. ತಂಜಾವೂರಿನ ವೀಣೆಗೆ ಬಳಸುವುದು ಹಲಸನ್ನೇ. ಕೊಡ, ದಂಡಿ, ತಲೆ ಮೂರನ್ನೂ ಒಂದೇ ದಿಮ್ಮಿಯಿಂದ ತೆಗೆದುದಕ್ಕೆ ಏಕಾಂಡ ವೀಣೆ ಎಂಬ ಗೌರವವಿದೆ. ಮಲೆನಾಡಿನ ಹಿತ್ತಲುಗಳಲ್ಲಿ ಮುಪ್ಪಾಗಿ ಗಾಳಿಗೆ ಬೀಳುವ ಹಲಸಿನ ಮರಗಳಿಗೆ ಲೆಕ್ಕವಿಲ್ಲ.

ಎರಡನೆಯದು, ಇದರಿಂದ ಎಷ್ಟು ಜನರ ಹೊಟ್ಟೆ ತುಂಬೀತು ಎಂಬುದು. ಇಡೀ ಜಿಲ್ಲೆಯ ಹೊಟ್ಟೆ ವಾದ್ಯದಿಂದ ತುಂಬದು ಎಂಬುದನ್ನು ಒಪ್ಪಲೇಬೇಕು. ಕೈಯಿಂದ ಒಂದು ಗಿಟಾರ್ ಮುಗಿಸಲು ವಾರಗಳೇ ಹಿಡಿಯುತ್ತವೆ. ಕಾರ್ಖಾನೆಯ ಅಗ್ಗದ ವಾದ್ಯದೊಡನೆ ಬೆಲೆಯಲ್ಲಿ ಸೆಣಸುವುದು ಆಗದ ಮಾತು. ಆದರೆ ದುರಸ್ತಿಯ ಕೆಲಸ ಎಲ್ಲ ಊರುಗಳಲ್ಲೂ ಇದೆ. ಹತ್ತಿಪ್ಪತ್ತು ಕುಟುಂಬಗಳಿಗೆ ಗೌರವದ ಜೀವನ ದೊರೆತರೆ ಅದು ಸಣ್ಣ ಸಾಧನೆಯಲ್ಲ. ಅದಕ್ಕೂ ಮಿಗಿಲಾದುದೆಂದರೆ, ಅರವತ್ತು ವರ್ಷದ ಮರಕ್ಕೆ ಬೆಲೆ ಕಟ್ಟಬಲ್ಲ ಕಣ್ಣುಗಳು ಊರಿನಲ್ಲಿ ಉಳಿಯುತ್ತವೆ. ಮರದ ಗುಣ ಬಲ್ಲವರು ಇಲ್ಲದ ಊರಿನಲ್ಲಿ ಮರಗಳೆಲ್ಲ ಸೌದೆಯೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು: ಈ ಮರಗಳನ್ನು ನೆಡುವುದೆಲ್ಲಿ? 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ ಹುಲ್ಲುಗಾವಲು ಮತ್ತು ಕುರುಚಲಿನ ನೆಲೆ. ಅಲ್ಲಿಯೂ ನೀಲಗಿರಿಯ ನೆಡುತೋಪುಗಳೆದ್ದವು. ಆ ತಪ್ಪನ್ನು ಬೀಟೆ, ಶಿವನೆಗಳ ಹೆಸರಿನಲ್ಲಿ ಮತ್ತೊಮ್ಮೆ ಮಾಡಲಾಗದು. ಹುಲ್ಲಿನ ನೆಲ ಹುಲ್ಲಿನದೇ ಆಗಿರಬೇಕು. ಚಿಗರೆಗೆ ಒಳ್ಳೆಯ ಮರದ ನೆರಳಾದರೂ ನೆರಳೇ. ಗೋಮಾಳವೂ ದನಕ್ಕೇ ಇರಲಿ. ಹೊಲದ ಬದು, ಹಿತ್ತಲು, ಕೆರೆಯ ಏರಿಯ ಕೆಳಗು, ಅಡಿಕೆ ತೋಟದ ಅಂಚು, ಶಾಲೆಯ ಆವರಣ ಇವುಗಳಲ್ಲಿ ಜಾಗವಿದೆ. ಹಾನಗಲ್ಲ ಕಡೆಯ ತೇವದ ನೆಲಕ್ಕೆ ಗಂಧಗರಿಗೆ, ಹಲಸು, ಬೀಟೆ. ಬಯಲಿಗೆ ಶಿವನೆ, ಬೇವು. ಒಂದು ಬದುವಿನಲ್ಲಿ ನಾಲ್ಕು ಜಾತಿಯ ಎಂಟು ಮರವಿದ್ದರೆ ಸಾಕು.

ಆಗಬೇಕಾದುದು

ಅರಣ್ಯ ಇಲಾಖೆಯ ನಾಟಾ ಡಿಪೋಗಳಲ್ಲಿ ಮರ ಲಾಟುಗಳಲ್ಲಿ ಹರಾಜಾಗುತ್ತದೆ; ನಾಲ್ಕು ಹಲಗೆ ಬೇಕಾದ ಕುಶಲಕರ್ಮಿ ದೊಡ್ಡ ವ್ಯಾಪಾರಿಯೆದುರು ನಿಲ್ಲಲಾರ. ಬಿದ್ದ ಮರಗಳಿಂದ ದೊರೆಯುವ ಚೇಗಿನ ಸಣ್ಣ ತುಂಡುಗಳನ್ನು ನೋಂದಾಯಿತ ವಾದ್ಯ ತಯಾರಕರಿಗೆ ಕಾಗದಪತ್ರ ಸಹಿತ ನೇರವಾಗಿ ಮಾರುವ ಏರ್ಪಾಡು ಬೇಕು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗೆ ಮೂರು ವರ್ಷದವರೆಗೆ ಹಣ ಸಿಗುತ್ತದೆ. ನಲವತ್ತು ವರ್ಷ ನಿಲ್ಲಬೇಕಾದ ಮರಗಳಿಗೆ ಹತ್ತನೆಯ ವರ್ಷದಲ್ಲಿ, ಇಪ್ಪತ್ತನೆಯ ವರ್ಷದಲ್ಲಿ ಕೂಡ ಏನಾದರೂ ಸಲ್ಲಬೇಕು. ಮನೆಯವನೇ ನೆಟ್ಟ ಬೀಟೆಗೆ ನೆಟ್ಟ ದಿನವೇ ದಾಖಲೆ ಮಾಡಿಕೊಟ್ಟರೆ ಮುಂದೆ ಅವನ ಮೊಮ್ಮಗ ಕಚೇರಿಗೆ ಅಲೆಯಬೇಕಾಗಿಲ್ಲ. ಶಿರಸಿಯ ಅರಣ್ಯ ಕಾಲೇಜು, ಹನುಮನಮಟ್ಟಿಯ ಕೃಷಿ ಕಾಲೇಜು, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮೂರೂ ಸೇರಿ ಮರ, ಮಣ್ಣು, ನಾದಗಳ ಜ್ಞಾನವನ್ನು ಒಂದೆಡೆ ತರುವ ಒಂದು ಸಣ್ಣ ಕಮ್ಮಟ ನಡೆಸಲು ಹೆಚ್ಚಿನ ಹಣ ಬೇಕಿಲ್ಲ. ಅದಕ್ಕೆ ಮೊದಲ ಅತಿಥಿಗಳಾಗಿ ಊರ ಬಡಗಿಗಳು ಬರಬೇಕು.

ಸರ್ಕಾರವನ್ನು ಕಾಯದೆ ಆಗುವ ಕೆಲಸವೂ ಇದೆ. ಈ ಮಳೆಗಾಲದಲ್ಲಿ ಬಿದ್ದ ಹಿತ್ತಲ ಹಲಸನ್ನು ಸೌದೆಗೆ ಸೀಳುವ ಮುನ್ನ ನಾರು ನೇರವಿರುವ ಒಂದು ಮೊಳದ ಎರಡು ತುಂಡುಗಳನ್ನು ನಡುವಿನಿಂದ ಸೀಳಿಸಿ, ತುದಿಗಳಿಗೆ ಮೇಣ ಸವರಿ, ತೇದಿ ಬರೆದು ಅಟ್ಟದ ಮೇಲೆ ಇಡಬಹುದು. ಗಿಟಾರಿನ ಕೊರಳಿಗೆ ಬೇಕಿದ್ದರೆ ಎರಡು ಮೊಳದ ತುಂಡನ್ನು ಇಡಬೇಕು. ಬಯಲಿನಲ್ಲಿ ಬಂಧುಗಳಿದ್ದರೆ ಅವರ ಮನೆಯ ಅಟ್ಟ ಇನ್ನೂ ಉತ್ತಮ. ಎರಡು ಮೂರು ವರ್ಷದ ಬಳಿಕ ಅದು ಏಕತಾರಿಗೋ ಗಿಟಾರಿಗೋ ಒದಗೀತು. ಒದಗದಿದ್ದರೆ ಒಲೆಗೆ ಹಾಕಲು ಆಗಲೂ ಅಡ್ಡಿಯಿಲ್ಲ. ಕುಸನೂರಿನಲ್ಲಿ ಹಚ್ಚಿದ ಸಸಿಗಳು ಮರವಾಗುವಷ್ಟು ಕಾಲ ಕಳೆದಿದೆ. ಹಚ್ಚುವ ಮಾತು ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಬರಲಿ. ಯಾವ ಮರ, ಯಾರ ಬದು, ಎಷ್ಟು ವರ್ಷ ಎಂಬುದು ನಡಾವಳಿಯ ಪುಸ್ತಕದಲ್ಲಿ ದಾಖಲಾಗಲಿ.